ಬೈಬಲಿನ ಜ್ಞಾನಗ್ರಂಥಗಳಲ್ಲಿ ಪ್ರಕೃತಿದೃಷ್ಟಾಂತಗಳು: ಒಂದು ಅರ್ಥವಿಚಾರ

ಇಬ್ರಿಯ ಅರಸುಗಳ ಚರಿತ್ರೆಯಲ್ಲಿ ಸೊಲೊಮೋನ ರಾಜನ ಜ್ಞಾನವನ್ನು ವರ್ಣಿಸುವ ಭಾಗವೊಂದುಂಟು. ಆತನ ಜ್ಞಾನೋಕ್ತಿಗಳು 3,000 ಎಂದೂ ಗೀತಗಳು 1,005 ಎಂದೂ ಲೆಕ್ಕ ಹೇಳಿದ ಮೇಲೆ, ಲೆಬನೋನಿನ ದೇವದಾರುವಿನಿಂದ ತೊಡಗಿ ಗೋಡೆಯ ಸಂದಿನಲ್ಲಿ ಮೊಳೆಯುವ ಸಣ್ಣ ಗಿಡದ ವರೆಗಿನ ಸಸ್ಯಗಳನ್ನೂ, ಮೃಗ ಪಕ್ಷಿ ಸರೀಸೃಪ ಮತ್ಸ್ಯಗಳನ್ನೂ ಕುರಿತು ಆತನು ಪ್ರಸ್ತಾಪಿಸುತ್ತಿದ್ದನೆಂದು ಗ್ರಂಥಕಾರನು ತಿಳಿಸುತ್ತಾನೆ. ಈ ಸಂಖ್ಯೆಗಳನ್ನು ಚರಿತ್ರಕಾರರು ಹೇಗಾದರೂ ವಿಮರ್ಶಿಸಲಿ. ನಮಗೆ ಬೇಕಾದುದು ಇದರೊಳಗೆ ಅಡಗಿರುವ ಒಂದು ತತ್ತ್ವ. ಗಿಡಮರಗಳನ್ನು ಬಲ್ಲವನೂ ಆ ಜನರ ಮತದಲ್ಲಿ ಜ್ಞಾನಿಯೇ. ಸೃಷ್ಟಿಯ ಪರಿಚಯವೂ ಸದಾಚಾರದ ಬೋಧೆಯೂ ಅವರಿಗೆ ಎರಡು ಬೇರೆ ವಿದ್ಯೆಗಳಾಗಿರಲಿಲ್ಲ. ಆದುದರಿಂದಲೇ ಅವರ ಜ್ಞಾನಗ್ರಂಥಗಳಲ್ಲಿ ಇರುವೆ, ಮಿಡತೆ, ಮಳೆ, ಹಿಮ, ಹಳ್ಳ, ಆಪು, ಸಿಂಹ, ಕಾಗೆ ಮೊದಲಾದುವು ಹೆಜ್ಜೆ ಹೆಜ್ಜೆಗೂ ಕಾಣಿಸಿಕೊಳ್ಳುತ್ತವೆ.

ಜ್ಞಾನಗ್ರಂಥಗಳೆಂದು ಇಲ್ಲಿ ನಾವು ಹೇಳುವುದು ಮುಖ್ಯವಾಗಿ ಮೂರನ್ನು: 31 ಅಧ್ಯಾಯಗಳ ಜ್ಞಾನೋಕ್ತಿಗಳು, 42 ಅಧ್ಯಾಯಗಳ ಯೋಬನ ಗ್ರಂಥ, 12 ಅಧ್ಯಾಯಗಳ ಪ್ರಸಂಗಿ. ಇವು ಕನ್ನಡ ನಾಡಿಗೆ ಹೊಸತಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯ ಶ್ರಮದಿಂದ 1831ರ ಹೊತ್ತಿಗೆ ಪೂರ್ಣ ಬೈಬಲು ಕನ್ನಡದಲ್ಲಿ ಮುದ್ರಿತವಾಯಿತು. ಅಂದಿನಿಂದ ಈ ದೃಷ್ಟಾಂತಗಳು ಕನ್ನಡ ಮಾತಾಡುವ ಕ್ರೈಸ್ತರ ಮನೆಗಳಲ್ಲಿ ದಿನದಿನದ ಬಾಳಿಗೆ ದಾರಿ ತೋರುತ್ತ ಬಂದಿವೆ. ಅವು ತೋರುವ ದಾರಿ ಯಾವುದೆಂಬುದು ಮಾತ್ರ ಅವುಗಳ ಅರ್ಥವನ್ನು ನಾವು ಹೇಗೆ ಮಾಡುತ್ತೇವೆಂಬುದನ್ನು ಅವಲಂಬಿಸಿದೆ.

ಇದು ಪಂಡಿತರ ವಿನೋದದ ಪ್ರಶ್ನೆಯಲ್ಲ. ಹೊಟ್ಟೆಗೆ ಸಾಲದ ಕೂಲಿಗಾಗಿ ಬೆಳಗಿನಿಂದ ಸಂಜೆಯ ವರೆಗೆ ದುಡಿಯುವವನಿಗೆ ಉಪದೇಶಪೀಠದಿಂದ ಇರುವೆಯನ್ನು ತೋರಿಸಿ ಸೋಮಾರಿತನವನ್ನು ಬಿಡೆಂದು ಹೇಳುವುದುಂಟು. ಮಗುವನ್ನು ಮಣ್ಣು ಮಾಡಿ ಬಂದ ತಂದೆಗೆ, ನೀರಿಲ್ಲದ ಆಪು ಒಣಗುವಂತೆ ದೇವರನ್ನು ಮರೆತವನ ಮನೆ ಒಣಗುತ್ತದೆಂದು ಹೇಳುವುದೂ ಉಂಟು. ಎರಡು ಮಾತುಗಳಿಗೂ ಬೈಬಲಿನಲ್ಲಿ ಆಧಾರವಿದೆಯೆಂದು ಹೇಳಿದವರು ತೋರಿಸಬಲ್ಲರು. ಆದರೆ ವಾಕ್ಯವೊಂದು ಗ್ರಂಥದಲ್ಲಿದೆ ಎಂಬುದು ಬೇರೆ, ಗ್ರಂಥದ ತಾತ್ಪರ್ಯ ಅದು ಎಂಬುದು ಬೇರೆ. ಈ ವ್ಯತ್ಯಾಸವನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ನಮ್ಮ ಅಲಂಕಾರ ನ್ಯಾಯ ಮೀಮಾಂಸಾ ಶಾಸ್ತ್ರಗಳ ಪರಿಭಾಷೆಯನ್ನು ಬಳಸುವುದು ಯುಕ್ತವೇ ಎಂದು ಕೆಲವರು ಕೇಳಬಹುದು. ಯುಕ್ತವೆಂದೇ ನಮ್ಮ ಅಭಿಪ್ರಾಯ. ಯೋಬನು ಇಸ್ರಾಯೇಲ್ಯನಲ್ಲ, ಊಚ್ ಎಂಬ ಹೊರದೇಶದವನು. ಜ್ಞಾನೋಕ್ತಿಗಳ ಕೊನೆಯ ಎರಡು ಅಧ್ಯಾಯಗಳಲ್ಲಿ ಆಗೂರ ಲೆಮೂವೇಲರೆಂಬ ಹೆಸರಿನವರ ಮಾತುಗಳಿವೆ. ಇವರೂ ಹೊರಗಿನವರೆಂದೇ ಬಹುಮಂದಿ ವಿದ್ವಾಂಸರ ಎಣಿಕೆ. ಐಗುಪ್ತದ ಅಮೆನೆಮೋಪೆ ಎಂಬವನ ನೀತಿಗ್ರಂಥವನ್ನು ಬಡ್ಜ್ ಎಂಬ ವಿದ್ವಾಂಸನು 1923ರಲ್ಲಿ ಪ್ರಕಟಿಸಿದ ಮೇಲೆ, ಜ್ಞಾನೋಕ್ತಿಗಳ 22ನೆಯ ಮತ್ತು 23ನೆಯ ಅಧ್ಯಾಯಗಳ ಒಂದು ಭಾಗಕ್ಕೂ ಅದಕ್ಕೂ ಇರುವ ನಿಕಟಸಾಮ್ಯವನ್ನು ಜರ್ಮನಿಯ ಎರ್ಮಾನನು 1924ರಲ್ಲಿ ತೋರಿಸಿಕೊಟ್ಟನು. ಹೀಗೆ ಪರದೇಶದ ಜ್ಞಾನಕ್ಕೆ ಬಾಗಿಲು ತೆರೆದಿಟ್ಟ ಗ್ರಂಥವನ್ನು ಓದುವುದಕ್ಕೆ ನಮ್ಮ ದೇಶದ ಶಾಸ್ತ್ರಗಳನ್ನು ಸಾಧನವಾಗಿ ಮಾಡಿಕೊಂಡರೆ ಅಪಚಾರವೇನೂ ಆಗದು.

೧. ಸಾಧಾರಣಧರ್ಮ

ಉಪಮೆಗೆ ನಾಲ್ಕು ಅಂಗಗಳೆಂದು ಅಲಂಕಾರಶಾಸ್ತ್ರದ ಮೊದಲ ಪಾಠದಲ್ಲಿಯೇ ಕಲಿಯುತ್ತೇವೆ: ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕಪದ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಎರಡಕ್ಕೂ ಸಮಾನವಾದ ಧರ್ಮವು ಆಹ್ಲಾದಕತ್ವ. ಚಂದ್ರನಲ್ಲಿರುವ ಕಲೆಯನ್ನೂ ಅವನ ವೃದ್ಧಿಕ್ಷಯಗಳನ್ನೂ ತಂದು ಮುಖಕ್ಕೆ ಅಂಟಿಸುವವನು ರಸಿಕನಲ್ಲ. ಇಬ್ರಿಯ ಕವಿಗಳಾದರೋ ಅನೇಕ ವೇಳೆ ಸಾಧಾರಣಧರ್ಮವನ್ನು ಬಾಯಿಬಿಟ್ಟು ಹೇಳುವುದಿಲ್ಲ, ವಾಚಕಪದವನ್ನೂ ಬಿಟ್ಟುಬಿಡುತ್ತಾರೆ. ಎರಡು ವಸ್ತುಗಳನ್ನು ಮಗ್ಗುಲು ಮಗ್ಗುಲಿಗೆ ಇಟ್ಟು ಸುಮ್ಮನಾಗುವರು. 25ನೆಯ ಅಧ್ಯಾಯದ 14ನೆಯ ವಾಕ್ಯದಲ್ಲಿ ಮೋಡ ಗಾಳಿಗಳಿದ್ದೂ ಮಳೆಯಿಲ್ಲದಿರುವುದು ಒಂದು ಕಡೆ, ಕೊಡದ ದಾನವನ್ನು ಕೊಚ್ಚಿಕೊಳ್ಳುವ ಮನುಷ್ಯನು ಮತ್ತೊಂದು ಕಡೆ. ಮೂಲದಲ್ಲಿ ನಡುವೆ ‘ಹಾಗೆ’ ಎಂಬ ಪದವೇ ಇಲ್ಲ. ಹೋಲಿಕೆಯ ಬಿಂದುವನ್ನು ಕಂಡುಕೊಳ್ಳುವ ಭಾರ ಓದುವವನ ಮೇಲಿದೆ.

ಆ ಭಾರವನ್ನು ಹೊರಬೇಕಾದರೆ ಮೊದಲು ವಸ್ತುವಿನ ಪರಿಚಯ ಬೇಕು. ಪಾಲೆಸ್ತೀನದಲ್ಲಿ ಮಳೆ ಬರುವುದು ಸುಮಾರು ಅಕ್ಟೋಬರಿನಿಂದ ಮೇ ತಿಂಗಳೊಳಗೆ. ಬೇಸಗೆಯೆಲ್ಲ ಒಣ ಆಕಾಶ. ಜವೆಗೋದಿ ಗೋದಿಗಳ ಕೊಯ್ಲು ಮಳೆ ಮುಗಿಯುವ ಹೊತ್ತಿನಿಂದ ಬೇಸಗೆಯ ಮೊದಲಿನ ವರೆಗೆ. ಜೂನಿನಲ್ಲಿ ಮಳೆಯನ್ನು ಎದುರು ನೋಡುವ ನಮಗೆ ಈ ಋತುಕ್ರಮ ತಲೆಕೆಳಗಾಗಿ ತೋರುತ್ತದೆ. 26ನೆಯ ಅಧ್ಯಾಯದ ಆರಂಭದಲ್ಲಿ ಮೂಢನಿಗೆ ಸಲ್ಲುವ ಮರ್ಯಾದೆಯನ್ನು ಬೇಸಗೆಯ ಹಿಮಕ್ಕೂ ಕೊಯ್ಲಿನ ಮಳೆಗೂ ಹೋಲಿಸಿದೆ. ಅಲ್ಲಿ ಕೊಯ್ಲಿನ ಮಳೆಯೆಂದರೆ ಅಪೂರ್ವವಾದ ಉತ್ಪಾತ. ಸಮುವೇಲ ಪ್ರವಾದಿಯು ಗೋದಿಯ ಸುಗ್ಗಿಯಲ್ಲಿ ಮಳೆ ತರಿಸಿದುದನ್ನು ಜನರು ದೈವಕೋಪದ ಸೂಚನೆಯಾಗಿ ಕಂಡು ನಡುಗಿದರೆಂಬ ಕಥೆಯನ್ನು ನೆನೆಯಬಹುದು. ಆದುದರಿಂದ ಇಲ್ಲಿಯ ಸಾಧಾರಣಧರ್ಮವು ಕೇವಲ ಅನೌಚಿತ್ಯವಲ್ಲ, ಬೆಳೆದು ನಿಂತುದನ್ನು ಕೆಡಿಸುವ ಅನೌಚಿತ್ಯ. ಮೂಢನನ್ನು ಗದ್ದುಗೆಯಲ್ಲಿ ಕೂರಿಸಿದರೆ ಊರಿನ ದುಡಿಮೆಯೇ ಕೊಳೆಯುತ್ತದೆಂಬುದು ಭಾವ.

ಇದಕ್ಕೆ ಮುನ್ನಿನ ಅಧ್ಯಾಯದಲ್ಲಿಯೇ, ನಂಬಿಗಸ್ತನಾದ ದೂತನು ಸುಗ್ಗಿಯ ಕಾಲದ ಹಿಮಶೈತ್ಯದಂತೆ ತನ್ನ ಯಜಮಾನನಿಗೆ ತಂಪೀಯುವನೆಂದಿದೆ. ಒಂದು ಕಡೆ ಹಿಮವು ನಿಂದ್ಯ, ಇನ್ನೊಂದು ಕಡೆ ಶ್ಲಾಘ್ಯ. ವಿರೋಧವೆಂದು ಗಾಬರಿಪಡಬೇಕಾಗಿಲ್ಲ. ಎರಡನೆಯದರಲ್ಲಿ ವಿವಕ್ಷಿತವಾದುದು ಆಕಾಶದಿಂದ ಬೀಳುವ ಹಿಮವಲ್ಲ. ಸುಮಾರು 2,800 ಮೀಟರು ಎತ್ತರದ ಹೆರ್ಮೋನಿನಂತಹ ಬೆಟ್ಟಗಳಿಂದ ತಂದು ಪಾನೀಯವನ್ನು ತಣಿಸುವ ಹಿಮವೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ. ವಸ್ತುವೊಂದೇ, ಎತ್ತಿಕೊಂಡ ಧರ್ಮ ಬೇರೆ. ಹಿಮವೆಂದರೆ ಪಾಪದ ಗುರುತು, ಇಲ್ಲವೆ ಹಿಮವೆಂದರೆ ಶುದ್ಧಿಯ ಗುರುತು ಎಂದು ಕೋಶ ಬರೆದಿಟ್ಟುಕೊಂಡು ಎಲ್ಲ ವಾಕ್ಯಗಳಿಗೂ ಅದನ್ನೇ ಹಚ್ಚುವ ಪದ್ಧತಿ ಇಲ್ಲಿ ನಿಲ್ಲುವುದಿಲ್ಲ.

೨. ಇರುವೆಯ ಅಧಿಕಾರಿ

ಈಗ ಇರುವೆಯ ದೃಷ್ಟಾಂತವನ್ನು ನೋಡೋಣ. ಜ್ಞಾನೋಕ್ತಿಗಳ 6ನೆಯ ಅಧ್ಯಾಯದಲ್ಲಿ ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸಿದೆ. ಅದಕ್ಕೆ ದೊರೆಯಿಲ್ಲ, ಮೇಸ್ತ್ರಿಯಿಲ್ಲ, ಆಳುವವನಿಲ್ಲ. ಆದರೂ ಸುಗ್ಗಿಯಲ್ಲಿ ಆಹಾರವನ್ನು ಕೂಡಿಸಿಕೊಳ್ಳುತ್ತದೆ. ಯುರೋಪಿನ ಉತ್ತರ ದೇಶಗಳ ಇರುವೆಗಳು ಕಾಳು ಕೂಡಿಡುವುದಿಲ್ಲವಾದುದರಿಂದ ಅಲ್ಲಿಯ ಕೆಲವರು ಈ ವಾಕ್ಯವನ್ನು ಬಹುಕಾಲ ಸಂದೇಹಿಸಿದ್ದರು. ಮಾಗ್ರಿಡ್ಜ್ ಎಂಬ ಆಂಗ್ಲೇಯನು ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇರುವೆಗಳ ಕಣಜಗಳನ್ನು ಅಗೆದು ನೋಡಿ 1873ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಮೇಲೆ ಆ ಸಂದೇಹ ನೀಗಿತು. ಮಳೆ ನಿಂತ ಮೇಲೆ ಇರುವೆಗಳು ನೆನೆದ ಕಾಳನ್ನು ಹೊರಗೆ ತಂದು ಬಿಸಿಲಿಗೆ ಹರಡುವುದನ್ನು ಕಂಡಿರುವ ನಮ್ಮ ರೈತರಿಗೆ ಆ ಸಂದೇಹ ಬರುವ ಕಾರಣವೇ ಇರಲಿಲ್ಲ. ದೊರೆಯಿಲ್ಲವೆಂಬ ಮಾತೂ ಸುಳ್ಳಲ್ಲ. ಗೂಡಿನಲ್ಲಿ ರಾಣಿಯೆಂದು ಕರೆಯಲ್ಪಡುವ ಇರುವೆಯುಂಟಾದರೂ ಅದರ ಕೆಲಸ ಮೊಟ್ಟೆಯಿಡುವುದೇ ಹೊರತು ಆಜ್ಞೆ ಮಾಡುವುದಲ್ಲ.

ವಾಕ್ಯವನ್ನು ಮತ್ತೊಮ್ಮೆ ಗಮನಿಸಬೇಕು. ಇರುವೆಯ ದುಡಿಮೆಗಿಂತ ಮುಂಚೆ ಕವಿಯು ಹೇಳುವುದು ಅದಕ್ಕೆ ಮೇಲ್ವಿಚಾರಕನಿಲ್ಲವೆಂಬುದನ್ನು. ಹಾಗಿರುವಲ್ಲಿ ಸಾಧಾರಣಧರ್ಮವಾಗಬೇಕಾದುದು ಬರಿಯ ದುಡಿಮೆಯಲ್ಲ, ಒತ್ತಾಯವಿಲ್ಲದ ದುಡಿಮೆ. ಕಾಲವನ್ನರಿತು ತನ್ನ ಕಣಜವನ್ನು ತಾನೇ ತುಂಬುವ ದುಡಿಮೆ. ಮೇಸ್ತ್ರಿಯು ಕೂಲಿಕಾರನ ಬೆನ್ನ ಹಿಂದೆ ನಿಂತು ಈ ವಾಕ್ಯವನ್ನು ಓದಿದರೆ ವಾಕ್ಯವು ಮೇಸ್ತ್ರಿಯನ್ನೇ ಅಣಕಿಸುತ್ತದೆ. ಇರುವೆಯು ಕೂಡಿಟ್ಟ ಕಾಳು ಇರುವೆಯ ಗೂಡಿಗೆ ಸೇರುತ್ತದೆ. ಕೂಲಿಕಾರನು ಕೊಯ್ದ ಕಾಳು ಯಾರ ಕಣಜಕ್ಕೆ ಸೇರುತ್ತದೆಂಬ ಪ್ರಶ್ನೆಯು ತಾನಾಗಿ ಏಳುತ್ತದೆ.

ಇಲ್ಲಿ ಮೀಮಾಂಸಕರು ಹೇಳುವ ಅಧಿಕಾರಿವಿಚಾರವು ಉಪಯೋಗಕ್ಕೆ ಬರುತ್ತದೆ. ಪ್ರತಿಯೊಂದು ವಿಧಿಗೂ ಅಧಿಕಾರಿಯೆಂಬವನೊಬ್ಬನುಂಟು. ಅವನಲ್ಲದವನಿಗೆ ಆ ವಿಧಿ ಸಲ್ಲದು. ಇರುವೆಯ ಮಾತಿಗೆ ಅಧಿಕಾರಿಯು ಸೋಮಾರಿ. ಅವನನ್ನು ಸಂಬೋಧಿಸಿಯೇ ಹೇಳಿದೆ. ಬಡವನೆಂದಾಗಲಿ ಕೂಲಿಯವನೆಂದಾಗಲಿ ಹೇಳಿಲ್ಲ. ಬಡವರೆಲ್ಲ ಸೋಮಾರಿಗಳೆಂದು ಈ ಗ್ರಂಥವು ಭಾವಿಸಿದೆಯೇ? ಇಲ್ಲ. 13ನೆಯ ಅಧ್ಯಾಯದ 23ನೆಯ ವಾಕ್ಯದಲ್ಲಿ, ಬಡವನ ಹೊಲವು ಬೇಕಾದಷ್ಟು ಬೆಳೆಯಬಲ್ಲುದೆಂದೂ ಅನ್ಯಾಯವು ಅದನ್ನು ಕೊಚ್ಚಿಕೊಂಡು ಹೋಗುತ್ತದೆಂದೂ ಸ್ಪಷ್ಟವಾಗಿದೆ. 28ನೆಯ ಅಧ್ಯಾಯದಲ್ಲಿ ಬಡವರನ್ನು ಹಿಂಸಿಸುವವನನ್ನು, ಅನ್ನವುಳಿಯದಂತೆ ಬಡಿದು ಹೋಗುವ ಮಳೆಗೆ ಹೋಲಿಸಿದೆ. ಬೆಳೆಯನ್ನು ಕೊಡಬೇಕಾದ ಮಳೆಯೇ ಬೆಳೆಯನ್ನು ತೊಳೆದುಕೊಂಡು ಹೋದಂತೆ! ಇಂತಹ ಗ್ರಂಥದಿಂದ ಇರುವೆಯೊಂದನ್ನು ಮಾತ್ರ ಹೆಕ್ಕಿಕೊಂಡು ದುಡಿಯುವ ಬಡವನ ಮೇಲೆ ಬಿಡುವುದು ಗ್ರಂಥಕ್ಕೂ ಬಡವನಿಗೂ ಮಾಡುವ ಅನ್ಯಾಯ.

ಸೃಷ್ಟಿಯಿಂದ ನೀತಿಯನ್ನು ಕಲಿಯುವ ಕ್ರಮವನ್ನು ಜ್ಞಾನೋಕ್ತಿಗಳ ಕರ್ತೃವೇ 24ನೆಯ ಅಧ್ಯಾಯದಲ್ಲಿ ತೋರಿಸಿಕೊಟ್ಟಿದ್ದಾನೆ. ಅವನು ಸೋಮಾರಿಯ ಹೊಲದ ಮಗ್ಗುಲಲ್ಲಿ ಹಾದುಹೋಗುತ್ತಾನೆ. ಮುಳ್ಳು ಬೆಳೆದಿದೆ, ಕಲ್ಲುಗೋಡೆ ಕುಸಿದಿದೆ. ಮೊದಲು ನೋಡುತ್ತಾನೆ, ಆಮೇಲೆ ಮನಸ್ಸಿನಲ್ಲಿ ಆಲೋಚಿಸುತ್ತಾನೆ, ಕೊನೆಗೆ ಶಿಕ್ಷಣವನ್ನು ಪಡೆಯುತ್ತಾನೆ. ಪಡೆದವನು ತಾನು, ಇನ್ನೊಬ್ಬನ ಮೇಲೆ ಎಸೆಯುವುದಕ್ಕಾಗಿ ಅವನು ಕಲ್ಲನ್ನು ಆರಿಸಿಕೊಳ್ಳಲಿಲ್ಲ.

೩. ಬಿಲ್ದದನ ಹೇತ್ವಾಭಾಸ

ಯೋಬನ ಗ್ರಂಥಕ್ಕೆ ಬಂದರೆ ವಿಷಯವು ಇನ್ನೂ ಗಂಭೀರವಾಗುತ್ತದೆ. ಯೋಬನಿಗೆ ಏಳು ಮಂದಿ ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹತ್ತು ಮಂದಿಯೂ ಒಂದೇ ದಿನ ಬಿರುಗಾಳಿಗೆ ಬಿದ್ದ ಮನೆಯೊಳಗೆ ಸತ್ತುಹೋದರು. ಅವನು ನಿರ್ದೋಷಿಯೆಂದು ಗ್ರಂಥವು ಮೊದಲ ವಾಕ್ಯದಲ್ಲಿಯೇ ಹೇಳಿ ಓದುವವನ ಕೈಗೆ ಸಾಕ್ಷ್ಯವನ್ನು ಕೊಟ್ಟಿದೆ. ಅವನನ್ನು ಸಂತೈಸಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ಇರುಳು ನೆಲದ ಮೇಲೆ ಅವನೊಡನೆ ಮೌನವಾಗಿ ಕೂಡುತ್ತಾರೆ. ಅವರು ಮಾಡಿದುದರಲ್ಲಿ ಅತ್ಯುತ್ತಮವಾದುದು ಇದೇ. ಆಮೇಲೆ ಬಾಯಿ ತೆರೆದರು. ತೆರೆದೊಡನೆ ಪ್ರಕೃತಿಯನ್ನು ಸಾಕ್ಷಿಗೆ ಕರೆದರು. ಅಧರ್ಮವನ್ನು ಉತ್ತವನು ಅದನ್ನೇ ಕೊಯ್ಯುತ್ತಾನೆಂದು ಎಲೀಫಜನು ಬೇಸಾಯದ ದೃಷ್ಟಾಂತವನ್ನು ಕೊಟ್ಟನು. ಬಿಲ್ದದನು, ನಿನ್ನ ಮಕ್ಕಳು ತಮ್ಮ ಪಾಪದ ಫಲವನ್ನು ಉಂಡಿರಬೇಕೆಂಬ ಅರ್ಥದ ಮಾತನ್ನಾಡಿ, ಅದಕ್ಕೆ ಆಪಿನ ದೃಷ್ಟಾಂತವನ್ನು ಜೋಡಿಸಿದನು. ಕೆಸರಿಲ್ಲದೆ ಆ ಗಿಡ ಬೆಳೆಯದು. ನೀರಿಲ್ಲವಾದರೆ ಹಸುರಾಗಿರುವಾಗಲೇ, ಯಾರೂ ಕೊಯ್ಯದಿದ್ದರೂ, ಬೇರೆಲ್ಲ ಹುಲ್ಲಿಗಿಂತ ಮುಂಚೆ ಒಣಗುವುದು. ದೇವರನ್ನು ಮರೆತವರ ಗತಿಯೂ ಹಾಗೆಯೇ.

ವರ್ಣನೆಯು ಸುಂದರವಾಗಿದೆ, ಸತ್ಯವೂ ಆಗಿದೆ. ದೋಷವಿರುವುದು ಅನುಮಾನದಲ್ಲಿ. ನೈಯಾಯಿಕರ ಪಂಚಾವಯವ ವಾಕ್ಯದಲ್ಲಿ ಉದಾಹರಣೆಯು ಒಂದು ಅವಯವ ಮಾತ್ರ. ಅದಕ್ಕೆ ಬಲವನ್ನು ಕೊಡುವುದು ವ್ಯಾಪ್ತಿ. ಹೊಗೆಯಿರುವಲ್ಲೆಲ್ಲ ಬೆಂಕಿಯಿದೆಯೆಂದು ಅಡುಗೆಮನೆಯನ್ನು ತೋರಿಸಿ ಹೇಳಬಹುದು. ತಿರುಗಿಸಿ ಬೆಂಕಿಯಿರುವಲ್ಲೆಲ್ಲ ಹೊಗೆಯಿದೆಯೆಂದರೆ ಕಾದ ಕಬ್ಬಿಣದ ಗುಂಡು ಎದುರಿಗೆ ಬಂದು ನಿಲ್ಲುತ್ತದೆ. ದೇವರನ್ನು ಮರೆತವನು ಒಣಗುತ್ತಾನೆಂಬುದನ್ನು ಬಿಲ್ದದನ ಮಾತಿಗೆ ಒಪ್ಪಿಕೊಂಡರೂ, ಒಣಗಿದವನೆಲ್ಲ ದೇವರನ್ನು ಮರೆತವನೆಂಬುದು ಅದರಿಂದ ಸಿದ್ಧವಾಗುವುದಿಲ್ಲ. ಅವನ ಹೇತುವು ಸವ್ಯಭಿಚಾರ. ದೃಷ್ಟಾಂತದ ಸೌಂದರ್ಯವು ಹೇತುವಿನ ಕೊರತೆಯನ್ನು ಮುಚ್ಚಿಬಿಟ್ಟಿತು, ಅಷ್ಟೆ.

ಇದಕ್ಕೆ ಇತ್ತೀಚಿನ ಶತಮಾನದ ಪ್ರತ್ಯಕ್ಷಪ್ರಮಾಣವೊಂದು ಇದೆ. ಬಿಲ್ದದನು ಹೇಳಿದ ಗಿಡವು ಪಪೈರಸ್ ಎಂದು ಪ್ರಸಿದ್ಧವಾದುದು. ಪ್ರಾಚೀನ ಐಗುಪ್ತ್ಯರು ಅದರಿಂದ ಬರವಣಿಗೆಯ ಹಾಳೆಗಳನ್ನು ಮಾಡುತ್ತಿದ್ದರು. ಪಾಲೆಸ್ತೀನದ ಉತ್ತರದಲ್ಲಿ ಯೊರ್ದನ್ ನದಿಯ ಮೇಲ್ಭಾಗದಲ್ಲಿರುವ ಹೂಲೆ ಎಂಬ ಜೌಗುನೆಲದಲ್ಲಿ ಅದು ದಟ್ಟವಾಗಿ ಬೆಳೆಯುತ್ತಿತ್ತು. 1951ರಿಂದ 1958ರ ವರೆಗೆ ಬೇಸಾಯಕ್ಕಾಗಿ ಕಾಲುವೆ ತೋಡಿ ಆ ಸರೋವರವನ್ನೂ ಜೌಗನ್ನೂ ಬತ್ತಿಸಿದರು. ಆಪಿನ ಕಾಡಿನ ಬಹುಭಾಗವು ನಾಶವಾಯಿತು. ಮುಂದೆ 1990ರ ದಶಕದಲ್ಲಿ ಒಂದು ಭಾಗಕ್ಕೆ ಮತ್ತೆ ನೀರು ತುಂಬಿಸಬೇಕಾಗಿ ಬಂತು. ಅಲ್ಲಿ ಒಣಗಿದ ಆಪು ನೀರನ್ನು ಬಿಟ್ಟು ಹೋಗಿತ್ತೇ? ಇಲ್ಲ, ನೀರನ್ನೇ ಅದರ ಬುಡದಿಂದ ತೆಗೆದುಹಾಕಿದರು. ಬಿಲ್ದದನು ಕೊಯ್ಯುವವನ ಕೈಯನ್ನು ಬುದ್ಧಿಪೂರ್ವಕವಾಗಿ ಹೊರಗಿಟ್ಟನು. ನೀರು ಏಕೆ ಹೋಯಿತೆಂದು ಮಾತ್ರ ಕೇಳಲಿಲ್ಲ. ದುಃಖಿತನ ಮುಂದೆ ನಿಂತವನು ಕೇಳಬೇಕಾದ ಪ್ರಶ್ನೆ ಅದೇ.

ಯೋಬನೂ ಪ್ರಕೃತಿಯ ಭಾಷೆಯಲ್ಲಿಯೇ ಪ್ರತ್ಯುತ್ತರ ಕೊಡುತ್ತಾನೆ. ಬಿಲ್ದದನು ಮಾತಾಡುವುದಕ್ಕೆ ಮುಂಚೆಯೇ, 6ನೆಯ ಅಧ್ಯಾಯದಲ್ಲಿ, ಗೆಳೆಯರನ್ನು ಮರುಭೂಮಿಯ ಹಳ್ಳಕ್ಕೆ ಹೋಲಿಸಿದ್ದಾನೆ. ಆ ದೇಶದ ಹಳ್ಳವು ಚಳಿಗಾಲದಲ್ಲಿ ಮಂಜಿನ ನೀರಿನಿಂದ ಉಕ್ಕಿ ಹರಿದು ಬೇಸಗೆಯಲ್ಲಿ ಇಲ್ಲವಾಗುತ್ತದೆ. ತೇಮದ ವರ್ತಕರೂ ಶೆಬದ ಪ್ರಯಾಣಿಕರೂ ಅದನ್ನು ನಂಬಿ ದಾರಿ ಬಿಟ್ಟು ಬಂದು ನಿರಾಶರಾಗುತ್ತಾರೆ. ಬೇಡವಾದಾಗ ತುಂಬಿದ್ದು, ಬೇಕಾದಾಗ ಬರಿದಾಗುವುದೇ ಇಲ್ಲಿ ಸಾಧಾರಣಧರ್ಮ. 14ನೆಯ ಅಧ್ಯಾಯದಲ್ಲಿ, ಕಡಿದ ಮರದ ಬುಡವು ನೀರಿನ ವಾಸನೆ ತಗಲಿದೊಡನೆ ಚಿಗುರುವುದೆಂದೂ ಸತ್ತ ಮನುಷ್ಯನಿಗೆ ಆ ಭಾಗ್ಯವಿಲ್ಲವೆಂದೂ ಶೋಕಿಸುತ್ತಾನೆ. ಸೃಷ್ಟಿಯು ಇಲ್ಲಿ ಉಪದೇಶ ಮಾಡುತ್ತಿಲ್ಲ. ದುಃಖಕ್ಕೆ ಬಾಯಿಯನ್ನು ಕೊಡುತ್ತಿದೆ. ಮೃಗಪಕ್ಷಿಗಳನ್ನು ಕೇಳಿದರೆ ಅವು ಕಲಿಸುವುವೆಂಬ 12ನೆಯ ಅಧ್ಯಾಯದ ಮಾತನ್ನು ಬಾಲಬೋಧೆಯ ಪುಸ್ತಕಗಳು ಬಹಳ ಇಷ್ಟದಿಂದ ಎತ್ತಿಕೊಳ್ಳುತ್ತವೆ. ಆದರೆ ಅದು ನೊಂದವನು ಗೆಳೆಯರಿಗೆ ಕೊಟ್ಟ ಕಟುವಾದ ಉತ್ತರ. ನೀವು ಹೇಳುವ ಪಾಠವು ಹಕ್ಕಿಗೂ ಗೊತ್ತಿದೆ, ನನಗೆ ಬೇಕಾದುದು ಅದಲ್ಲವೆಂಬುದು ಅದರ ಧ್ವನಿ. ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಓದುವವರಿಗೆ ಧ್ವನಿಯು ಕೇಳಿಸದು.

೪. ವಿಧಿಯಿಲ್ಲದ ವರ್ಣನೆ

38ರಿಂದ 41ರ ವರೆಗಿನ ಅಧ್ಯಾಯಗಳಲ್ಲಿ ದೇವರೇ ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಬೈಬಲಿನಲ್ಲಿ ಇಷ್ಟು ವಿಸ್ತಾರವಾದ ಪ್ರಕೃತಿವರ್ಣನೆಯು ವಿರಳ. ಆಶ್ಚರ್ಯವೇನೆಂದರೆ, ಇದರಲ್ಲಿ ಒಂದೇ ಒಂದು ನೀತಿಪಾಠವೂ ಇಲ್ಲ. ಇರುವೆಯಂತೆ ದುಡಿ ಎನ್ನುವವರಿಲ್ಲ, ಆಪಿನಂತೆ ಒಣಗುವೆ ಎನ್ನುವವರಿಲ್ಲ. ಅರ್ಥವಾದವು ವಿಧಿಗೆ ಶೇಷವಾಗಿರಬೇಕೆಂದು ಮೀಮಾಂಸಕರು ಬಯಸುತ್ತಾರೆ. ಇಲ್ಲಿ ವಿಧಿಯೇ ಇಲ್ಲದೆ ವರ್ಣನೆ ನಿಂತಿದೆ. ಮನುಷ್ಯನಿಲ್ಲದ ಕಾಡಿನಲ್ಲಿ ಮಳೆ ಸುರಿಯುತ್ತದೆ. ಕಾಡುಕತ್ತೆಯು ಊರಿನ ಗದ್ದಲವನ್ನೂ ಹೊಡೆಯುವವನ ಕೂಗನ್ನೂ ಲೆಕ್ಕಿಸದೆ ತಿರುಗುತ್ತದೆ. ಕಾಡುಗೂಳಿಯು ನೇಗಿಲಿಗೆ ಬಗ್ಗುವುದಿಲ್ಲ. ಉಷ್ಟ್ರಪಕ್ಷಿಯು ಮೊಟ್ಟೆಯನ್ನು ನೆಲದ ಮೇಲೆ ಬಿಟ್ಟು ಓಡುತ್ತದೆ. ಅದಕ್ಕೆ ವಿವೇಕವಿಲ್ಲ, ಆದರೂ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ. ಸಿಂಹದ ಮರಿಗಳಿಗೂ ಕಾಗೆಯ ಮರಿಗಳಿಗೂ ಆಹಾರ ದೊರೆಯುತ್ತದೆ. ಇವುಗಳಲ್ಲಿ ಒಂದಾದರೂ ಮನುಷ್ಯನ ಉಪಯೋಗಕ್ಕಿಲ್ಲ, ಒಂದಾದರೂ ಅವನಿಗೆ ಮಾದರಿಯಲ್ಲ.

ಇದರ ತಾತ್ಪರ್ಯವೇನು? ದೇವರು ತನ್ನ ಶಕ್ತಿಯನ್ನು ತೋರಿಸಿ ದುಃಖಿತನ ಬಾಯಿ ಮುಚ್ಚಿಸಿದನೆಂದು ಕೆಲವರು ಹೇಳುವರು. ನಮಗೆ ಹಾಗೆ ತೋರುವುದಿಲ್ಲ. ಗೆಳೆಯರ ಮತದಲ್ಲಿ ಸೃಷ್ಟಿಯೆಂದರೆ ಮನುಷ್ಯನ ಪಾಪಪುಣ್ಯಗಳ ಲೆಕ್ಕವನ್ನು ಬರೆದಿಟ್ಟ ಖಾತೆಯ ಪುಸ್ತಕ. ಮಳೆ ಬಂದರೆ ಪುಣ್ಯ, ಬಾರದಿದ್ದರೆ ಪಾಪ. ದೇವರ ಮಾತು ಆ ಪುಸ್ತಕವನ್ನು ಹರಿದುಹಾಕುತ್ತದೆ. ಯಾರೂ ಇಲ್ಲದ ಕಾಡಿಗೆ ಬಿದ್ದ ಮಳೆ ಯಾರ ಪುಣ್ಯಕ್ಕೆ? ಬೆಳೆದ ಹುಲ್ಲು ಯಾರ ಪ್ರತಿಫಲ? ಮಳೆಯು ಸಂಬಳವಲ್ಲವಾದರೆ ಬರಗಾಲವು ದಂಡವೆಂದು ಹೇಳುವುದೂ ಸಾಧ್ಯವಿಲ್ಲ. ಯೋಬನ ಮಕ್ಕಳ ಸಾವಿಗೆ ಕಾರಣವನ್ನು ಇಲ್ಲಿ ಹೇಳಿಲ್ಲ. ಆದರೆ ಗೆಳೆಯರು ಹೇಳಿದ ಕಾರಣವು ನಿರಾಕೃತವಾಯಿತು. 42ನೆಯ ಅಧ್ಯಾಯದಲ್ಲಿ ದೇವರು ಎಲೀಫಜನನ್ನೂ ಅವನ ಇಬ್ಬರು ಸ್ನೇಹಿತರನ್ನೂ ಕುರಿತು ಕೋಪಗೊಂಡು, ಯೋಬನಂತೆ ಇವರು ಸರಿಯಾಗಿ ಮಾತಾಡಲಿಲ್ಲವೆಂದು ತೀರ್ಪು ಕೊಡುತ್ತಾನೆ. ಗೋಳಾಡಿದವನ ಮಾತು ಸರಿ, ದೃಷ್ಟಾಂತ ಹೇಳಿದವರ ಮಾತು ತಪ್ಪು! ಆಪಿನ ವಾಕ್ಯವನ್ನು ಶ್ರುತಿವಾಕ್ಯವೆಂದು ಎತ್ತಿ ಹೇಳುವವರು ಈ ತೀರ್ಪನ್ನೂ ಜೊತೆಗೆ ಓದಬೇಕಾಗುತ್ತದೆ.

ಈ ಅಧ್ಯಾಯಗಳು ಇಂದಿನ ಕ್ರೈಸ್ತಜೀವನಕ್ಕೆ ಇನ್ನೊಂದು ಬಗೆಯಲ್ಲಿಯೂ ಸಲ್ಲುತ್ತವೆ. ದೇವರು ಯೋಬನಿಗೆ ಹೆಮ್ಮೆಯಿಂದ ತೋರಿಸಿದ ಕಾಡುಗೂಳಿಯು ಇಬ್ರಿಯ ಭಾಷೆಯಲ್ಲಿ ‘ರೇಮ್’ ಎಂಬುದು. ಹಳೆಯ ಗ್ರೀಕ್ ಭಾಷಾಂತರದಲ್ಲಿ ಅದು ಒಂಟಿಕೊಂಬಿನ ಮೃಗವಾಯಿತು. ನಿಜವಾಗಿ ಅದು ಈಗಿನ ದನಗಳ ಮೂಲವಾದ ಕಾಡುದನವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಆ ಜಾತಿಯ ಕೊನೆಯ ಪ್ರಾಣಿಯು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಸಿರಿಯ ದೇಶದ ಕಾಡುಕತ್ತೆಯು 20ನೆಯ ಶತಮಾನದ ಪೂರ್ವಾರ್ಧದಲ್ಲಿಯೂ ಅರಬೀ ದೇಶದ ಉಷ್ಟ್ರಪಕ್ಷಿಯು ಆ ಶತಮಾನದ ಮಧ್ಯದಲ್ಲಿಯೂ ನಿರ್ವಂಶವಾದುವು. ಆ ದೇಶಗಳ ಸಿಂಹವು ಅಲ್ಲಿ ಎಲ್ಲಿಯೂ ಉಳಿದಿಲ್ಲ. ಅದರ ಕುಲವು ನಮ್ಮ ಗುಜರಾತಿನಲ್ಲಿ ಮಾತ್ರ ಬದುಕಿದೆ. ತನಗೆ ಉಪಯೋಗವಿಲ್ಲದುದಕ್ಕೂ ಒಡೆಯನುಂಟೆಂಬ ಪಾಠವನ್ನು ಓದಿದ ಮನುಷ್ಯನು ಆ ಪಾಠದ ಉದಾಹರಣೆಗಳನ್ನೇ ಒಂದೊಂದಾಗಿ ಅಳಿಸಿದನೆಂಬುದು ವಿಷಾದದ ಸಂಗತಿ.

೫. ಉತ್ಸರ್ಗಾಪವಾದಗಳು

ಹಾಗಾದರೆ ಜ್ಞಾನೋಕ್ತಿಗಳು ಸುಳ್ಳೋ ಎಂದು ಪೂರ್ವಪಕ್ಷಿಯು ಕೇಳಬಹುದು. ದುಡಿದವನು ಉಣ್ಣುತ್ತಾನೆ, ಸೋಮಾರಿಯು ಹಸಿಯುತ್ತಾನೆಂದು ಒಂದು ಗ್ರಂಥ. ನಿರ್ದೋಷಿಯೂ ಬೂದಿಯಲ್ಲಿ ಕೂಡಬಹುದೆಂದು ಇನ್ನೊಂದು ಗ್ರಂಥ. ಇದಕ್ಕೆ ವೈಯಾಕರಣರಲ್ಲಿ ಸಮಾಧಾನವಿದೆ. ಸಾಮಾನ್ಯಸೂತ್ರವು ಉತ್ಸರ್ಗ, ವಿಶೇಷಸೂತ್ರವು ಅಪವಾದ. ಅಪವಾದವು ತನ್ನ ವಿಷಯದಲ್ಲಿ ಮಾತ್ರ ಉತ್ಸರ್ಗವನ್ನು ಬಾಧಿಸುತ್ತದೆ. ಉಳಿದೆಡೆಯಲ್ಲಿ ಉತ್ಸರ್ಗವು ಎಂದಿನಂತೆ ನಡೆಯುತ್ತದೆ. ಜ್ಞಾನೋಕ್ತಿಗಳು ಉತ್ಸರ್ಗ, ಯೋಬನು ಅಪವಾದ. ಇವೆರಡನ್ನೂ ಒಂದೇ ಗ್ರಂಥಸಮುದಾಯದಲ್ಲಿ ಇಟ್ಟವರು ವಿವೇಕಿಗಳು. ಉತ್ಸರ್ಗವನ್ನು ಮಾತ್ರ ಕಲಿತವನು ನಿರ್ದಯನಾಗುತ್ತಾನೆ; ಅಪವಾದವನ್ನು ಮಾತ್ರ ಕಲಿತವನು ಹೊಲವನ್ನು ಬೀಳುಬಿಡುತ್ತಾನೆ.

ಪ್ರಸಂಗಿಯು ಈ ಎರಡರ ಮಧ್ಯದಲ್ಲಿ ನಿಂತವನು. ಸೂರ್ಯನು ಮೂಡಿ ಮುಳುಗುತ್ತಾನೆ, ಗಾಳಿ ಸುತ್ತುತ್ತದೆ, ನದಿಗಳೆಲ್ಲ ಸೇರಿದರೂ ಸಮುದ್ರ ತುಂಬುವುದಿಲ್ಲವೆಂದು ಅವನು ಬೇಸತ್ತು ನುಡಿಯುತ್ತಾನೆ. ಆದರೆ 11ನೆಯ ಅಧ್ಯಾಯದಲ್ಲಿ, ಗಾಳಿಯನ್ನೇ ನೋಡುತ್ತ ಕುಳಿತವನು ಬಿತ್ತಲಾರನೆಂದೂ, ಯಾವುದು ಫಲಿಸುವುದೋ ತಿಳಿಯದಾದುದರಿಂದಲೇ ಬೆಳಗಿನಲ್ಲಿಯೂ ಸಂಜೆಯಲ್ಲಿಯೂ ಬಿತ್ತಬೇಕೆಂದೂ ಬೋಧಿಸುತ್ತಾನೆ. ಫಲದ ನಿಶ್ಚಯವಿಲ್ಲದಿದ್ದರೂ ಕರ್ಮವನ್ನು ಬಿಡಬಾರದೆಂಬ ಈ ಮಾತಿಗೆ ನಮ್ಮಲ್ಲಿ ವ್ಯಾಖ್ಯಾನ ಬೇಕಾಗದು.

ಕೊನೆಯದಾಗಿ ಯೇಸುವಿನ ಉಪದೇಶ. ಮತ್ತಾಯನ 6ನೆಯ ಅಧ್ಯಾಯದಲ್ಲಿ ಆತನು ಬಿತ್ತದ ಕೊಯ್ಯದ ಕಣಜದಲ್ಲಿ ತುಂಬದ ಹಕ್ಕಿಗಳನ್ನು ತೋರಿಸುತ್ತಾನೆ. ಲೂಕನ 12ನೆಯ ಅಧ್ಯಾಯದಲ್ಲಿ ಆ ಹಕ್ಕಿಗಳು ಕಾಗೆಗಳು, ಅಂದರೆ ಯೋಬನ ಗ್ರಂಥದಲ್ಲಿ ಆಹಾರ ಪಡೆದ ಕಾಗೆಗಳೇ. ಸೊಲೊಮೋನನ ವೈಭವವು ಹೊಲದ ಹೂವಿಗೆ ಸಮವಲ್ಲವೆಂದಾಗ ಜ್ಞಾನಗ್ರಂಥಗಳ ಪರಂಪರೆಯು ಆತನ ಮನಸ್ಸಿನಲ್ಲಿತ್ತೆಂಬುದು ಸ್ಪಷ್ಟ. ಇರುವೆಯು ಕೂಡಿಡುತ್ತದೆ, ಕಾಗೆಯು ಕೂಡಿಡುವುದಿಲ್ಲ; ಕ್ರೈಸ್ತನು ಯಾವುದನ್ನು ಅನುಸರಿಸಬೇಕು? ಇಲ್ಲಿಯೂ ಅಧಿಕಾರಿಭೇದವೇ ಉತ್ತರ. ಇರುವೆಯ ಮಾತು ಸೋಮಾರಿಗೆ. ಕಾಗೆಯ ಮಾತು ನಾಳಿನ ಚಿಂತೆಯಿಂದ ಕುಗ್ಗಿದವನಿಗೆ. ಲೂಕನಲ್ಲಿ ಕಾಗೆಯ ಮಾತಿಗೆ ಹಿಂದೆಯೇ, ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಲು ಹೊರಟ ಐಶ್ವರ್ಯವಂತನ ಕಥೆಯಿದೆ. ಇರುವೆಯನ್ನು ತನ್ನ ಪಕ್ಷಕ್ಕೆ ಕರೆದುಕೊಳ್ಳಬಹುದಾಗಿದ್ದ ಅವನಿಗೆ ಕಾಗೆಯನ್ನ ತೋರಿಸಿದೆ. ಒಬ್ಬನೇ ಮನುಷ್ಯನಿಗೆ ಒಂದು ದಿನ ಇರುವೆಯೂ ಇನ್ನೊಂದು ದಿನ ಕಾಗೆಯೂ ಬೇಕಾಗಬಹುದು. ಯಾವ ದಿನ ಯಾವುದೆಂದು ಅರಿಯುವುದೇ ಜ್ಞಾನ.

ಇಷ್ಟರಿಂದ ಮೂರು ನಿಯಮಗಳು ಫಲಿಸಿದುವು. ಮೊದಲನೆಯದು, ದೃಷ್ಟಾಂತದ ವಸ್ತುವನ್ನು ಅದರ ದೇಶಕಾಲಗಳಲ್ಲಿಟ್ಟು ಸರಿಯಾಗಿ ತಿಳಿಯಬೇಕು. ಎರಡನೆಯದು, ಕವಿಯು ಎತ್ತಿಕೊಂಡ ಸಾಧಾರಣಧರ್ಮವನ್ನು ಪ್ರಕರಣದಿಂದ ನಿರ್ಣಯಿಸಿ ಅಲ್ಲಿಗೆ ನಿಲ್ಲಬೇಕು. ಮೂರನೆಯದು, ಆ ಮಾತಿಗೆ ಅಧಿಕಾರಿ ಯಾರೆಂದು ಕೇಳಬೇಕು; ಕೇಳಿದಾಗ ಅಧಿಕಾರಿಯು ತಾನೇ ಆಗಿರಬಹುದೇ ಎಂದು ಮೊದಲು ನೋಡಿಕೊಳ್ಳಬೇಕು. ಸೋಮಾರಿಯ ಹೊಲದ ಬಳಿ ನಿಂತ ಜ್ಞಾನಿಯು ಮಾಡಿದುದು ಇದನ್ನೇ. ದುಃಖಿತನ ಮನೆಯಲ್ಲಾದರೋ ಯಾವ ದೃಷ್ಟಾಂತವೂ ನೆನಪಿಗೆ ಬಾರದಿದ್ದರೆ ನಷ್ಟವಿಲ್ಲ. ಮೊದಲ ಏಳು ದಿನಗಳ ಮೌನವು ಆ ಗ್ರಂಥದಲ್ಲಿಯೇ ಇದೆ. ಬಲ್ಲವರು ಇದನ್ನು ಪರಾಮರ್ಶಿಸಿ ಯುಕ್ತವಾದುದನ್ನು ಗ್ರಹಿಸಬೇಕೆಂದು ಪ್ರಾರ್ಥನೆ. ಇತ್ಯಲಂ ವಿಸ್ತರೇಣ.